ಅಗ್ನಿಪರ್ವತದಿಂದ ಕಡಲಂಚಿಗೆ: ಕಾಲುದಾರಿಗಳು ಉಳಿದ ಕಥೆ

ಕಟ್ಟಡ ಸಾಮಗ್ರಿಗಾಗಿ ಒಂದು ಅಗ್ನಿಪರ್ವತವನ್ನೇ ಅಗೆದು ಲಾರಿಗೆ ತುಂಬಿದ ಪ್ರಸಂಗ ಸ್ಪೇನ್ ದೇಶದಲ್ಲಿ ನಡೆದಿದೆ. ಆ ದೇಶದ ಈಶಾನ್ಯ ಮೂಲೆಯ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ ಕ್ರೊಸ್ಕಾಟ್ ಎಂಬ ಬೆಟ್ಟವಿದೆ. ಬುಡದಿಂದ ಸುಮಾರು 160 ಮೀಟರ್ ಎತ್ತರ. ಐಬೀರಿಯಾ ಪರ್ಯಾಯ ದ್ವೀಪದ ಅಗ್ನಿಶಂಕುಗಳಲ್ಲೆಲ್ಲ ಇದೇ ಎತ್ತರದ್ದು. ಅದರ ಒಂದು ಮಗ್ಗುಲು ಮಾತ್ರ ಕಲ್ಲಂಗಡಿ ಹಣ್ಣಿನಿಂದ ಹೋಳು ತೆಗೆದಂತೆ ಸೀಳಿಹೋಗಿದೆ. ಸೀಳಿದ್ದು ಪ್ರಕೃತಿಯಲ್ಲ, ಮನುಷ್ಯನ ಯಂತ್ರ. ಇಂದು ಆ ಸೀಳಿನೊಳಗೆ ನಿಂತ ಚಾರಣಿಗನಿಗೆ ಅಗ್ನಿಪರ್ವತದ ಹೊಟ್ಟೆಯೊಳಗಿನ ಕಪ್ಪು, ಕೆಂಪು, ಕಂದು ಪದರಗಳೆಲ್ಲ ಒಂದರ ಮೇಲೊಂದು ಕಾಣುತ್ತವೆ.

ಕ್ರೊಸ್ಕಾಟ್‌ನಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ ಸುಮಾರು 50 ಕಿ.ಮೀ. ದೂರದಲ್ಲಿ ಮೆಡಿಟರೇನಿಯನ್ ಸಮುದ್ರ. ಬಂಡೆಗಳ ನಡುವೆ ಪುಟ್ಟ ಪುಟ್ಟ ಕೊಲ್ಲಿಗಳನ್ನು ಅಡಗಿಸಿಕೊಂಡ ಈ ಕರಾವಳಿಗೆ ಕೋಸ್ಟಾ ಬ್ರಾವಾ ಎಂದು ಹೆಸರು. ಒಂದೇ ವಾರದಲ್ಲಿ ಅಗ್ನಿಪರ್ವತಗಳ ನಡುವೆಯೂ ಕಡಲ ಅಂಚಿನಲ್ಲಿಯೂ ನಡೆದಾಡಬಹುದಾದ ಕಾರಣ ಯೂರೋಪಿನ ಚಾರಣಿಗರಿಗೆ ಈ ಸೀಮೆ ಅಚ್ಚುಮೆಚ್ಚು.

ಆದರೆ ಇಲ್ಲಿನ ದಾರಿಗಳಲ್ಲಿ ಬಹುಪಾಲು ಚಾರಣಕ್ಕೆಂದು ಹುಟ್ಟಿದವಲ್ಲ. ಒಂದು ದಾರಿ ರೈತನದು, ಇನ್ನೊಂದು ರೈಲಿನದು, ಮತ್ತೊಂದು ಕಳ್ಳಸಾಗಣೆ ತಡೆಯುವ ಕಾವಲುಗಾರನದು. ಅವರವರ ಕಾಲ ಮುಗಿದ ಮೇಲೆ ಈ ದಾರಿಗಳು ಅಳಿದುಹೋಗಬೇಕಿತ್ತು. ಅಳಿಯದೆ ಉಳಿದದ್ದೇಕೆ ಎಂಬುದೇ ಇಲ್ಲಿಯ ಇತಿಹಾಸ.

ಊರೊಳಗೇ ನಾಲ್ಕು ಅಗ್ನಿಪರ್ವತ

ಅಗ್ನಿಪರ್ವತಗಳಿರುವ ಒಳನಾಡಿಗೆ ಗರೋಚಾ ಎಂದು ಹೆಸರು. ಇದರ ಮುಖ್ಯ ಪಟ್ಟಣ ಒಲೋಟ್. ಸುಮಾರು 40 ಅಗ್ನಿಶಂಕುಗಳು, 20ಕ್ಕೂ ಹೆಚ್ಚು ಲಾವಾ ಹರಿವುಗಳು ಈ ಪ್ರದೇಶದಲ್ಲಿವೆ. ಒಲೋಟ್ ಪಟ್ಟಣದ ಮಗ್ಗುಲಲ್ಲೇ ನಾಲ್ಕು ಇವೆ. ಅವುಗಳಲ್ಲೊಂದಾದ ಮೊಂತ್ಸಕೋಪಾದ ನೆತ್ತಿಗೆ ಊರಿನವರು ಸಂಜೆ ಗಾಳಿ ಸೇವನೆಗೆ ಹೋಗುತ್ತಾರೆ.

ಇಲ್ಲಿ ಕೊನೆಯ ಬಾರಿ ಬೆಂಕಿ ಉಗುಳಿದವುಗಳಲ್ಲಿ ಕ್ರೊಸ್ಕಾಟ್ ಒಂದು. ಅದು ನಡೆದು ಸುಮಾರು 13 ಸಾವಿರ ವರ್ಷಗಳಾದವು. ಈಗ ಎಲ್ಲವೂ ತಣ್ಣಗಿದೆ. ಹಾಗೆಂದು ಇವು ಪೂರ್ತಿ ಸತ್ತುಹೋಗಿವೆ ಎನ್ನಲು ಭೂವಿಜ್ಞಾನಿಗಳು ಸಿದ್ಧರಿಲ್ಲ. ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಬಿಟ್ಟು ಬಿಟ್ಟು ಉಕ್ಕಿದ ಸೀಮೆ ಇದು. ಇಂಥ ಲೆಕ್ಕದಲ್ಲಿ 13 ಸಾವಿರ ವರ್ಷ ಒಂದು ಸಣ್ಣ ನಿದ್ದೆ ಅಷ್ಟೆ.

ಅಚ್ಚರಿಯ ಮಾತೆಂದರೆ ಈ ಊರನ್ನು ನಡುಗಿಸಿದ್ದು ಅಗ್ನಿಪರ್ವತವಲ್ಲ, ಭೂಕಂಪ. 1427 ಮತ್ತು 1428ರಲ್ಲಿ ಸರಣಿಯಾಗಿ ಬಂದ ಭೂಕಂಪಗಳು ಒಲೋಟ್ ಪಟ್ಟಣವನ್ನೂ ಸುತ್ತಲಿನ ಊರುಗಳನ್ನೂ ನೆಲಸಮ ಮಾಡಿದವು. ಕೆಳಗೆ ಭೂಮಿಯ ಪದರಗಳು ಸರಿದದ್ದು ಇದಕ್ಕೆ ಕಾರಣವೇ ಹೊರತು ಲಾವಾ ಅಲ್ಲ. ಸಾಂತಾ ಮಾರ್ಗರಿದಾ ಎಂಬ ಅಗ್ನಿಪರ್ವತದ ಬಾಯಿಯೊಳಗೆ, ಹಸಿರು ಹುಲ್ಲಿನ ಬಟ್ಟಲಿನ ನಟ್ಟನಡುವೆ, ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಅದೂ ಆಗ ಕುಸಿದುಬಿದ್ದಿತ್ತು. ಈಗ ಕಾಣುವುದು 19ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಲಾವಾದ ಜೊತೆಗಿನ ಇಲ್ಲಿಯ ಜನರ ಸಂಸಾರ ಹಳೆಯದು. ಹೊಲದ ಬದುವಿಗೆ ಲಾವಾ ಕಲ್ಲು, ಮನೆ ಗೋಡೆಗೆ ಲಾವಾ ಕಲ್ಲು, ಬೀದಿಗೂ ಅದೇ. ಬೂದಿ ಬೆರೆತ ಮಣ್ಣಿನಲ್ಲಿ ಬೆಳೆಯುವ ಸಾಂತಾ ಪಾವು ಊರಿನ ಬಿಳಿ ಹುರುಳಿಕಾಯಿ ಬೀಜಕ್ಕೆ ದೊಡ್ಡ ಹೆಸರು. ಒಲೋಟ್‌ನ ಕೆಲವು ಮನೆಗಳಲ್ಲಿ ಲಾವಾ ಬಿರುಕುಗಳಿಂದ ವರ್ಷವಿಡೀ ತಣ್ಣನೆಯ ಗಾಳಿ ಬೀಸುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಆಹಾರ ಪದಾರ್ಥ ಕೆಡದಂತೆ ಇಡಲು ಜನ ಈ ಗಾಳಿಯನ್ನೇ ನೆಚ್ಚಿದ್ದರು.

ನದಿ ಕೊರೆದ ಬಂಡೆ

ಹೊರಜಗತ್ತಿಗೆ ಈ ಅಗ್ನಿಪರ್ವತಗಳ ಪರಿಚಯವಾದದ್ದು 19ನೇ ಶತಮಾನದಲ್ಲಿ. ಒಲೋಟ್‌ನ ಔಷಧ ವ್ಯಾಪಾರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸೆಸ್ಕ್ ಶಾವಿಯೆರ್ ಬೊಲೋಸ್ ತನ್ನೂರಿನ ಆರಿದ ಅಗ್ನಿಪರ್ವತಗಳನ್ನು ಕುರಿತು 1820ರಲ್ಲಿ ಪುಸ್ತಕ ಪ್ರಕಟಿಸಿದ. 1830ರಲ್ಲಿ ಇಂಗ್ಲೆಂಡಿನಿಂದ ಚಾರ್ಲ್ಸ್ ಲಯೆಲ್ ಇಲ್ಲಿಗೆ ಬಂದ. ಆಧುನಿಕ ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಲಯೆಲ್ ಪ್ರಮುಖ. ತನ್ನ ಹೆಸರಾಂತ ಗ್ರಂಥ 'ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ'ಯಲ್ಲಿ ಆತ ಒಲೋಟ್ ಪ್ರದೇಶವನ್ನು ವಿವರಿಸಿದ್ದಾನೆ.

ಲಯೆಲ್‌ನ ಕಣ್ಣು ಸೆಳೆದ ತಾಣಗಳಲ್ಲಿ ಕಾಸ್ಟೆಲ್‌ಫೊಲ್ಲಿಟ್ ದೆ ಲಾ ರೋಕಾ ಒಂದು. ಎರಡು ನದಿಗಳ ನಡುವೆ 50 ಮೀಟರಿಗೂ ಎತ್ತರದ, ಸುಮಾರು ಒಂದು ಕಿ.ಮೀ. ಉದ್ದದ ಬಸಾಲ್ಟ್ ಶಿಲೆಯ ಗೋಡೆ. ಅದರ ಅಂಚಿಗೆ ಅಂಟಿದಂತೆ ಊರಿನ ಮನೆಗಳು. ಒಂದರ ಮೇಲೊಂದು ಹರಿದ ಎರಡು ಲಾವಾ ಪ್ರವಾಹಗಳಿಂದ ಈ ಗೋಡೆ ಆಗಿದೆ. ಮೊದಲನೆಯದು ಸುಮಾರು 2,17,000 ವರ್ಷ ಹಿಂದಿನದು. ಎರಡನೆಯದು 1,92,000 ವರ್ಷ ಹಿಂದಿನದು. ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ಕಂಡ ಕನ್ನಡಿಗರಿಗೆ ಈ ನೋಟ ತೀರ ಹೊಸದಲ್ಲ. ಲಾವಾ ನಿಧಾನವಾಗಿ ಆರಿ ಕುಗ್ಗುವಾಗ ಬಿರುಕುಬಿಟ್ಟು ಇಂಥ ಕಂಬಗಳ ಆಕಾರ ತಾಳುತ್ತದೆ.

ಲಾವಾ ಕಣಿವೆಯನ್ನು ತುಂಬಿತು. ನದಿ ಮತ್ತೆ ಅದನ್ನು ಕೊರೆದು ದಾರಿ ಮಾಡಿಕೊಂಡಿತು. ಭೂಮಿಯ ಮುಖವನ್ನು ಬದಲಿಸಲು ಪ್ರಳಯವೇ ಬೇಕಿಲ್ಲ, ನಿತ್ಯ ಹರಿಯುವ ನೀರಿಗೆ ಸಾಕಷ್ಟು ಕಾಲ ಕೊಟ್ಟರೆ ಸಾಕು ಎಂಬುದು ಲಯೆಲ್‌ನ ವಾದ. ಆ ವಾದಕ್ಕೆ ಇಂಥ ಕಣಿವೆಗಳೇ ಸಾಕ್ಷಿ. ಈ ಗೋಡೆಯನ್ನು ಕೊರೆಯಲು ನೀರಿಗೆ ಬೇಕಾದದ್ದು ಲಕ್ಷಾಂತರ ವರ್ಷ. ಕ್ರೊಸ್ಕಾಟ್‌ನ ಮಗ್ಗುಲು ಸೀಳಲು ಯಂತ್ರಕ್ಕೆ ಸಾಕಾದದ್ದು ಕೆಲವೇ ದಶಕ.

ಗಾಯವೇ ಪಾಠವಾಯಿತು

ಅಗ್ನಿಪರ್ವತ ಉಗುಳಿದ ಹಗುರವಾದ, ತೂತು ತೂತಾದ ಜಲ್ಲಿಕಲ್ಲಿಗೆ ಕಟ್ಟಡ ಉದ್ಯಮದಲ್ಲಿ ಬೇಡಿಕೆ ಇತ್ತು. 1960ರ ದಶಕದಲ್ಲಿ ಸ್ಪೇನಿನಲ್ಲಿ ಕಟ್ಟಡಗಳ ಭರಾಟೆ ಎದ್ದಿತು. ಕ್ರೊಸ್ಕಾಟ್‌ನಲ್ಲಿ ಗಣಿಗಾರಿಕೆ ಬೆಟ್ಟವನ್ನು ತಿನ್ನುತ್ತಾ ಹೋಯಿತು. ಆಗ ದೇಶದಲ್ಲಿ ಜನರಲ್ ಫ್ರಾಂಕೋ ಸರ್ವಾಧಿಕಾರ. ಎದುರು ಮಾತಾಡುವುದು ಸುಲಭವಿರಲಿಲ್ಲ. ಆದರೂ 1970ರ ದಶಕದಲ್ಲಿ ನಿಸರ್ಗಪ್ರಿಯರು, ವಿಜ್ಞಾನಿಗಳು, ಸ್ಥಳೀಯ ನಾಗರಿಕರು ಈ ಬೆಟ್ಟಗಳನ್ನು ಉಳಿಸಿ ಎಂದು ದನಿ ಎತ್ತಿದರು.

1975ರಲ್ಲಿ ಫ್ರಾಂಕೋ ತೀರಿಕೊಂಡ. 1980ರಲ್ಲಿ ಕ್ಯಾಟಲೋನಿಯಾದ ಸಂಸತ್ತು ಮತ್ತೆ ಜೀವ ತಳೆಯಿತು. 1982ರ ಮಾರ್ಚ್‌ನಲ್ಲೇ ಆ ಸಂಸತ್ತು ಗರೋಚಾದ ಅಗ್ನಿಪರ್ವತ ವಲಯವನ್ನು ರಕ್ಷಿಸುವ ಕಾಯ್ದೆ ಮಾಡಿತು. ಹೊಸದಾಗಿ ಹುಟ್ಟಿದ ಶಾಸನಸಭೆಯೊಂದು ತನ್ನ ಆರಂಭದ ಕಾಯ್ದೆಗಳಲ್ಲಿ ಒಂದನ್ನು ಆರಿದ ಬೆಟ್ಟಗಳಿಗೆ ಮೀಸಲಿಟ್ಟದ್ದು ಗಮನಾರ್ಹ. ಇಂದು ಸುಮಾರು 15 ಸಾವಿರ ಹೆಕ್ಟೇರ್ ಪ್ರದೇಶ ಪ್ರಾಕೃತಿಕ ಉದ್ಯಾನವಾಗಿದೆ.

ಕಾಯ್ದೆ ಬಂದ ಮರುದಿನವೇ ಯಂತ್ರಗಳು ನಿಲ್ಲಲಿಲ್ಲ. ಕ್ರೊಸ್ಕಾಟ್‌ನ ಗಣಿಗಾರಿಕೆಗೆ ತೆರೆ ಬಿದ್ದದ್ದು 1990ರ ದಶಕದ ಆರಂಭದಲ್ಲಿ. ಆಮೇಲೆ ಎದುರಾದ ಪ್ರಶ್ನೆ: ಈ ಸೀಳನ್ನು ಏನು ಮಾಡುವುದು? ಮಣ್ಣು ತುಂಬಿ ಮುಚ್ಚಬಹುದಿತ್ತು. ತಜ್ಞರು ಹಾಗೆ ಮಾಡಲಿಲ್ಲ. ಇಳಿಜಾರು ಜಾರದಂತೆ ಭದ್ರಪಡಿಸಿ, ಸೀಳನ್ನು ಕಾಣುವಂತೆಯೇ ಬಿಟ್ಟರು. ಕಲಿಯಬಂದವರಿಗೆ ಅಗ್ನಿಪರ್ವತದ ರಚನೆಯೂ ತಿಳಿಯಿತು, ಮನುಷ್ಯನ ಕೈ ಎಲ್ಲಿಯವರೆಗೆ ಚಾಚಿತ್ತು ಎಂಬುದೂ ತಿಳಿಯಿತು.

ಈ ಉದ್ಯಾನದ ಜನಪ್ರಿಯ ಚಾರಣ ಸುಮಾರು 10 ಕಿ.ಮೀ. ಸುತ್ತುದಾರಿ. ಕ್ರೊಸ್ಕಾಟ್, ಸಾಂತಾ ಮಾರ್ಗರಿದಾ ಎರಡನ್ನೂ ಮುಟ್ಟುವ ಈ ದಾರಿ ಫಜೇಡಾ ದೆನ್ ಜೊರ್ದಾ ಎಂಬ ಬೀಚ್ ಮರಗಳ ಕಾಡನ್ನು ಹಾಯುತ್ತದೆ. ಕ್ರೊಸ್ಕಾಟ್‌ನಿಂದ ಹರಿದ ಲಾವಾ ಮೇಲೆಯೇ ಬೆಳೆದ ಕಾಡು ಅದು. ಬೀಚ್ ಸಾಮಾನ್ಯವಾಗಿ ಇನ್ನೂ ಎತ್ತರದ, ತಂಪು ಬೆಟ್ಟಗಳ ಮರ. ಇಲ್ಲಿ ಸುಮಾರು 550 ಮೀಟರ್ ಎತ್ತರದಲ್ಲೇ ದಟ್ಟವಾಗಿ ಬೆಳೆದಿದೆ. ಕ್ಯಾಟಲಾನ್ ಕವಿ ಜುವಾನ್ ಮರಗಾಲ್ ಈ ಕಾಡಿನ ಮೇಲೆ ಬರೆದ ಕವಿತೆ ಆ ನಾಡಿನಲ್ಲಿ ಮನೆಮಾತು. ಕಾಡಿನ ಬಾಗಿಲಲ್ಲಿ ಕವಿಗೆ ಕಲ್ಲಿನ ಸ್ಮಾರಕವಿದೆ.

ಇನ್ನೊಂದು ಮಾತು ಹೇಳಬೇಕು. ಈ ಉದ್ಯಾನದ ಬಹುಪಾಲು ಭೂಮಿ ಸರ್ಕಾರದ್ದಲ್ಲ, ಖಾಸಗಿಯವರದು. ಒಳಗೆ ಹಳ್ಳಿಗಳಿವೆ, ಹೊಲಗಳಿವೆ, ದನಕರುಗಳಿವೆ. ಚಾರಣಿಗ ನಡೆಯುವುದು ಇನ್ನೊಬ್ಬರ ಹೊಲದ ಪಕ್ಕದಲ್ಲಿ. ಆದ್ದರಿಂದಲೇ ಗುರುತು ಹಾಕಿದ ದಾರಿ ಬಿಟ್ಟು ಇಳಿಯಬಾರದು ಎಂಬುದು ಇಲ್ಲಿ ಬರೀ ಫಲಕದ ಮೇಲಿನ ಮಾತಲ್ಲ. ಆ ದಾರಿ ತೆರೆದಿರಬೇಕಾದರೆ ಇಬ್ಬರೂ ಪಾಲಿಸಬೇಕಾದ ಒಪ್ಪಂದ.

ಹಳಿ ಹೋಗಿ ದಾರಿ ಬಂತು

ಅಗ್ನಿಪರ್ವತಗಳ ನಾಡಿನಿಂದ ಕಡಲಿಗೆ ಹೋಗಲು ಒಂದು ಕಾಲಕ್ಕೆ ಪುಟ್ಟ ರೈಲು ಇತ್ತು. ಹಳಿಗಳ ನಡುವಿನ ಅಂತರ ಬರೀ 75 ಸೆಂ.ಮೀ. ಜಿಲ್ಲಾ ಕೇಂದ್ರವಾದ ಜಿರೋನಾದಿಂದ ಸಾಂತ್ ಫೆಲಿಯು ದೆ ಗೀಷೊಲ್ಸ್ ಬಂದರಿಗೆ 1892ರಲ್ಲಿ ರೈಲು ಓಡಿತು. ಒಳನಾಡಿನ ಒಲೋಟ್‌ಗೆ ಜಿರೋನಾದಿಂದ ಹಳಿ ತಲುಪಿದ್ದು 1911ರಲ್ಲಿ. ಕರಾವಳಿಯ ಕಾಡುಗಳ ಕಾರ್ಕ್ ಮರದ ತೊಗಟೆಯಿಂದ ಬಾಟಲಿಗಳ ಬಿರಡೆ ತಯಾರಿಸುವ ಉದ್ಯಮ ಸಾಂತ್ ಫೆಲಿಯುವಿನಲ್ಲಿ ಜೋರಾಗಿತ್ತು. ಆ ಸರಕನ್ನು ಸಾಗಿಸಲು ರೈಲು ನೆರವಾಯಿತು.

ಲಾರಿ, ಬಸ್ಸುಗಳು ಬಂದ ಮೇಲೆ ಪುಟ್ಟ ರೈಲು ನಷ್ಟಕ್ಕೆ ಬಿತ್ತು. 1969ರಲ್ಲಿ ಎರಡೂ ಮಾರ್ಗಗಳನ್ನು ಮುಚ್ಚಿದರು. ಹಳಿ ಕಿತ್ತರು. ದಾರಿಯ ಮೇಲೆ ಪೊದೆ ಬೆಳೆಯಿತು. ಆಮೇಲೆ ಆ ಹಾದಿಯನ್ನು ಕಾಲ್ನಡಿಗೆಯವರಿಗೂ ಸೈಕಲ್ ಸವಾರರಿಗೂ ತೆರೆಯಲಾಯಿತು. ಒಲೋಟ್‌ನಿಂದ ಜಿರೋನಾಕ್ಕೆ ಸುಮಾರು 55 ಕಿ.ಮೀ., ಅಲ್ಲಿಂದ ಸಾಂತ್ ಫೆಲಿಯುವಿಗೆ ಸುಮಾರು 40 ಕಿ.ಮೀ. ಹಳೆಯ ರೈಲಿನ ದಾರಿಯಾದ್ದರಿಂದ ಕಡಿದಾದ ಏರು ಇಲ್ಲ. ಕೆಲವೇ ದಿನಗಳಲ್ಲಿ ಅಗ್ನಿಪರ್ವತದ ಬುಡದಿಂದ ಕಡಲ ಉಪ್ಪುಗಾಳಿಗೆ ನಡೆದು ಬರಬಹುದು.

ಕಾವಲುಗಾರರ ಹಾದಿ

ಸಾಂತ್ ಫೆಲಿಯುವಿನಲ್ಲಿ ಕಡಲು ಮುಟ್ಟಿದ ಚಾರಣಿಗನಿಗೆ ಬೇರೊಂದು ದಾರಿ ಸಿಗುತ್ತದೆ. ಬಂಡೆಗಳ ಅಂಚಿನಲ್ಲಿ ಏರಿ ಇಳಿಯುವ, ಕೆಲವೆಡೆ ಮೆಟ್ಟಿಲಾಗಿ, ಕೆಲವೆಡೆ ಸುರಂಗವಾಗಿ ಸಾಗುವ ಈ ದಾರಿಗೆ ಕ್ಯಾಟಲಾನ್ ಭಾಷೆಯಲ್ಲಿ 'ಕಮೀ ದೆ ರೋಂದಾ' ಎನ್ನುತ್ತಾರೆ. ಗಸ್ತಿನ ದಾರಿ ಎಂದು ಅರ್ಥ.

ಸ್ಪೇನಿನಲ್ಲಿ ತಂಬಾಕು ಸರ್ಕಾರದ ಏಕಸ್ವಾಮ್ಯವಾಗಿತ್ತು. ಸರ್ಕಾರ ಕಟ್ಟಿದ ಬೆಲೆಗೂ ಹೊರಗಿನ ಬೆಲೆಗೂ ಅಂತರವಿದ್ದ ಕಡೆ ಕಳ್ಳಸಾಗಣೆ ಹುಟ್ಟುವುದು ಸಹಜ. ನೂರಾರು ಪುಟ್ಟ ಕೊಲ್ಲಿಗಳಿರುವ ಈ ಕರಾವಳಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ರಾತ್ರಿ ದೋಣಿ ಬಂದು ಸರಕು ಇಳಿಸಿ ಹೋದರೆ ಕೇಳುವವರಿಲ್ಲ. ಇದನ್ನು ತಡೆಯಲು 1829ರಲ್ಲಿ ಹುಟ್ಟಿದ 'ಕರಬಿನೇರೋಸ್' ಎಂಬ ಸುಂಕದ ಪಡೆಯವರು ಕೊಲ್ಲಿಯಿಂದ ಕೊಲ್ಲಿಗೆ ನಡೆದು ಕಾವಲು ಕಾಯುತ್ತಿದ್ದರು. 1940ರಲ್ಲಿ ಈ ಪಡೆ ಸಿವಿಲ್ ಗಾರ್ಡ್‌ನಲ್ಲಿ ವಿಲೀನವಾಯಿತು. ಕಡಲು ಕೆರಳಿದ ದಿನ ದೋಣಿಯನ್ನು ಬೇರೆ ಕೊಲ್ಲಿಯಲ್ಲಿ ಬಿಟ್ಟು ಮನೆಗೆ ಮರಳುವ ಮೀನುಗಾರರಿಗೂ ಇದೇ ಹಾದಿ. ಪಲಫ್ರುಜೆಲ್‌ನಲ್ಲಿ ಹುಟ್ಟಿದ ಲೇಖಕ ಜುಸೆಪ್ ಪ್ಲಾ (1897–1981) ಈ ಕರಾವಳಿಯ ಮೀನುಗಾರರನ್ನೂ ಕಳ್ಳಸಾಗಣೆದಾರರನ್ನೂ ತನ್ನ ಬರಹಗಳಲ್ಲಿ ಚಿತ್ರಿಸಿದ್ದಾನೆ.

'ಕೋಸ್ಟಾ ಬ್ರಾವಾ' ಎಂಬ ಹೆಸರು ಕೂಡ ಹಳೆಯದೇನಲ್ಲ. ಪತ್ರಕರ್ತ ಫೆರಾನ್ ಅಗುಲ್ಯೊ 1908ರಲ್ಲಿ ದಿನಪತ್ರಿಕೆಯೊಂದರ ಲೇಖನದಲ್ಲಿ ಈ ಹೆಸರು ಬಳಸಿದ. ಒರಟು, ಕಡಿದಾದ ಕರಾವಳಿ ಎಂಬ ಅರ್ಥ. ಬ್ಲಾನೆಸ್‌ನಿಂದ ಫ್ರಾನ್ಸ್ ಗಡಿಯವರೆಗಿನ 200 ಕಿ.ಮೀ.ಗೂ ಹೆಚ್ಚು ಉದ್ದದ ತೀರಕ್ಕೆ ಆ ಹೆಸರೇ ನಿಂತಿತು.

ಕಡಲು ಯಾರದು?

ಹೆಸರಿನ ಹಿಂದೆಯೇ ಪ್ರವಾಸಿಗರು ಬಂದರು. 1950 ಮತ್ತು 60ರ ದಶಕಗಳಲ್ಲಿ ವಿದೇಶಿ ಹಣಕ್ಕಾಗಿ ಹಾತೊರೆಯುತ್ತಿದ್ದ ಸ್ಪೇನ್ ಸರ್ಕಾರ ಕರಾವಳಿಯನ್ನು ಹೋಟೆಲುಗಳಿಗೆ ತೆರೆದಿಟ್ಟಿತು. ಮೀನುಗಾರರ ಹಳ್ಳಿಗಳು ಬಹುಮಹಡಿ ಕಟ್ಟಡಗಳ ಪಟ್ಟಣಗಳಾದವು. ಸಮುದ್ರ ಕಾಣುವ ಬಂಡೆಗಳ ಮೇಲೆ ಸಿರಿವಂತರ ಬಂಗಲೆಗಳೆದ್ದವು. ಬಂಗಲೆ ಎದ್ದ ಕಡೆ ಬೇಲಿಯೂ ಬಂತು. ಕಳ್ಳಸಾಗಣೆದಾರನನ್ನು ತಡೆಯಲು ಇದ್ದ ದಾರಿಯಲ್ಲಿ ಈಗ ಸಾಮಾನ್ಯ ನಡಿಗೆಯವನನ್ನೇ ತಡೆಯುವ ಗೇಟುಗಳು!

ಇದಕ್ಕೆ ಉತ್ತರ ಬಂದದ್ದು ಕಾನೂನಿನಿಂದ. ಸಮುದ್ರತೀರ ಹಾಗೂ ಕಡಲದಂಡೆಗಳು ಸಾರ್ವಜನಿಕ ಸ್ವತ್ತು ಎಂದು ಸ್ಪೇನಿನ 1978ರ ಸಂವಿಧಾನ ಸಾರಿತು. 1988ರ ಕರಾವಳಿ ಕಾಯ್ದೆ ಇನ್ನೂ ಮುಂದೆ ಹೋಯಿತು. ತೀರದ ಅಂಚಿನಿಂದ ಒಳಕ್ಕೆ 6 ಮೀಟರ್ ಅಗಲದ ಪಟ್ಟಿಯನ್ನು ಕಾಲ್ನಡಿಗೆಗೆ ಸದಾ ತೆರವಾಗಿ ಇಡಬೇಕು, ನಡೆಯಲು ಕಷ್ಟವಾದ ಕಡೆ ಅದನ್ನು 20 ಮೀಟರ್‌ವರೆಗೆ ವಿಸ್ತರಿಸಬಹುದು ಎಂದು ವಿಧಿಸಿತು. ಭೂಮಿ ಯಾರದೇ ಇರಲಿ, ಕಡಲ ಅಂಚಿನಲ್ಲಿ ನಡೆಯುವ ಹಕ್ಕು ಎಲ್ಲರದು. ಗಸ್ತಿನವನ ದಾರಿ ಹೀಗೆ ಪ್ರಜೆಯ ದಾರಿಯಾಯಿತು.

ಕಾಯ್ದೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲ ಎಂಬುದಕ್ಕೆ ಪಲಮೋಸ್ ಪಟ್ಟಣ ನಿದರ್ಶನ. ಪಟ್ಟಣದ ಪಕ್ಕದ ಕಾಸ್ಟೆಲ್ ಎಂಬ ಕಡಲದಂಡೆ ಕಟ್ಟಡವಿಲ್ಲದೆ ಉಳಿದಿದ್ದ ಕೆಲವೇ ಜಾಗಗಳಲ್ಲೊಂದು. ಅಲ್ಲಿಯೂ ಬಡಾವಣೆ ಎಬ್ಬಿಸುವ ಯೋಜನೆ ಬಂತು. ಊರಿನವರು ಎದುರು ನಿಂತರು. 1994ರಲ್ಲಿ ಊರಿನ ಜನರ ಮತ ಕೇಳಲಾಯಿತು. ಬಹುಮತ ಕಡಲದಂಡೆಯ ಪರ ಬಿತ್ತು. ಇಂದಿಗೂ ಕಾಸ್ಟೆಲ್‌ನ ಮರಳಿನ ಹಿಂದೆ ಕಾಣುವುದು ಹೊಲ ಮತ್ತು ಪೈನ್ ಮರಗಳು.

ಇನ್ನೂ ಉತ್ತರಕ್ಕೆ, ಪರ್ಯಾಯ ದ್ವೀಪದ ತೀರ ಪೂರ್ವದ ತುದಿಯಾದ ಕಾಪ್ ದೆ ಕ್ರೆವುಸ್ ಭೂಶಿರದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗವೇ ನಡೆಯಿತು. 1960ರ ದಶಕದಲ್ಲಿ ಅಲ್ಲಿ ಕ್ಲಬ್ ಮೆಡ್ ಸಂಸ್ಥೆಯ ವಿಹಾರಧಾಮ ತಲೆ ಎತ್ತಿತ್ತು. 400ಕ್ಕೂ ಹೆಚ್ಚು ಕಟ್ಟಡಗಳು. 1998ರಲ್ಲಿ ಭೂಶಿರ ಪ್ರಾಕೃತಿಕ ಉದ್ಯಾನವಾಯಿತು. 2003ರಲ್ಲಿ ವಿಹಾರಧಾಮ ಮುಚ್ಚಿತು. 2010ರ ವೇಳೆಗೆ ಕಟ್ಟಡಗಳನ್ನು ಒಂದೊಂದಾಗಿ ತೆಗೆದು, ಹೊರಗಿನಿಂದ ತಂದು ನೆಟ್ಟಿದ್ದ ಗಿಡಗಳನ್ನೂ ಕಿತ್ತು, ಗಾಳಿ ಕೆತ್ತಿದ ಬಂಡೆಗಳನ್ನು ಅವುಗಳ ಪಾಡಿಗೆ ಬಿಡಲಾಯಿತು. ಕಟ್ಟುವುದೇ ಅಭಿವೃದ್ಧಿ ಎಂಬ ಮಾತು ಕೇಳಿ ಬೆಳೆದವರಿಗೆ, ಕೆಡವಿದ್ದೂ ಅಭಿವೃದ್ಧಿಯಾದೀತು ಎಂಬ ಪಾಠ ಇಲ್ಲಿದೆ.

ಉಳಿಸಿಕೊಂಡವರ ದಾರಿ

ಇಂದು ಬಿಳಿ-ಕೆಂಪು ಪಟ್ಟಿಗಳ ಗುರುತಿನ 'ಜಿ.ಆರ್. 92' ಎಂಬ ದೂರದ ಚಾರಣ ಮಾರ್ಗ ಫ್ರಾನ್ಸ್ ಗಡಿಯಲ್ಲಿ ಹೊರಟು ಕ್ಯಾಟಲೋನಿಯಾದ ದಕ್ಷಿಣ ತುದಿಯವರೆಗೆ ಸಾಗುತ್ತದೆ. ಕೋಸ್ಟಾ ಬ್ರಾವಾದಲ್ಲಿ ಅದು ಅಲ್ಲಲ್ಲಿ ಹಳೆಯ ಗಸ್ತಿನ ದಾರಿಯನ್ನೇ ಹಿಡಿಯುತ್ತದೆ.

ಹಾಗೆಂದು ಸಮಸ್ಯೆಗಳು ತೀರಿಲ್ಲ. ಬೇಸಿಗೆಯಲ್ಲಿ ಪುಟ್ಟ ಕೊಲ್ಲಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಶರತ್ಕಾಲದಲ್ಲಿ ಎಲೆ ಕೆಂಪಾದಾಗ ಬೀಚ್ ಕಾಡಿಗೆ ಜನ ಮುಗಿಬೀಳುತ್ತಾರೆ. ಒಂದು ಕಾಲಕ್ಕೆ ಬೆಟ್ಟವನ್ನು ತಿಂದದ್ದು ಯಂತ್ರವಾದರೆ, ಈಗ ಸವೆಸುತ್ತಿರುವುದು ಪ್ರೀತಿಯಿಂದ ಬಂದವರ ಪಾದ. ದಾರಿಯನ್ನು ಎಲ್ಲರಿಗೂ ಸುಲಭ ಮಾಡುವ ಹುಮ್ಮಸ್ಸಿನಲ್ಲಿ ಬಂಡೆಗೆ ಕಾಂಕ್ರೀಟ್ ಸುರಿದರೆ ಅದು ಉಳಿಸಿದಂತೆಯೋ ಕಳೆದುಕೊಂಡಂತೆಯೋ ಎಂಬುದೂ ಯೋಚಿಸಬೇಕಾದ ವಿಷಯ.

ಗರೋಚಾದ ಬೆಟ್ಟಗಳೂ ಕೋಸ್ಟಾ ಬ್ರಾವಾದ ಬಂಡೆಗಳೂ ಲಾವಾ, ನೀರು, ಗಾಳಿಗಳು ಕೊಟ್ಟದ್ದು. ಅವುಗಳ ನಡುವಿನ ದಾರಿಗಳು ಮಾತ್ರ ಹಾಗೆ ಬಂದವಲ್ಲ. ಗಣಿ ನಿಲ್ಲಿಸಿ ಎಂದವರು, ಬೇಲಿ ಕೀಳಿಸಿ ಎಂದವರು, ಮತಗಟ್ಟೆಗೆ ಹೋಗಿ ಕಡಲದಂಡೆಯ ಪರ ಮತ ಹಾಕಿದವರು ಅವುಗಳನ್ನು ಉಳಿಸಿದರು. ನಡೆಯುವ ಹಕ್ಕು ಕೇಳದಿದ್ದರೆ ಕಳೆದುಹೋಗುತ್ತದೆ ಎಂಬುದನ್ನು ಅವರು ಅರಿತಿದ್ದರು.